ಕೇಳಿದ್ದನ್ನು ಕೇಳಿದ ಹಾಗೇ ಹೇಳಿದ ಸುಗುಣಕ್ಕ

ನನ್ನ ಮಗಳು ಇಂಚರಾ ಮೊದಲು ಆಡಿದ ಪೂರ್ತಿ ವಾಕ್ಯ "ಎಂತ ಮಾರಾಯ್ರೆ" ಅಂತ. ಬೆಂಗಳೂರಿನವರಾದ ನನಗೂ ನನ್ನ ಗಂಡ ತರುಣ್‌ಗೂ ಅದು ಎಲ್ಲಿಂದ ಬಂತು ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ವಾರಕ್ಕೆ ಐದು ದಿನ ಅವಳು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಹೇವರ್ಡಿನಲ್ಲಿ ಸುಗುಣಕ್ಕನ ಮನೆಯಲ್ಲಿ ಬೆಳೆಯುತ್ತಿದ್ದಳು.

ಸುಗುಣಕ್ಕ ಮಲ್ಪೆಯವರು. ಮನೆಯಲ್ಲೇ ಡೇಕೇರು ನಡೆಸುತ್ತಿದ್ದರು. ಅವರ ಗಂಡ ವೈಕುಂಠ ಅಲ್ಲೇ ಹತ್ತಿರದ ಒಂದು ವೇರ್‌ಹೌಸಿನಲ್ಲಿ ಸೂಪರ್‌ವೈಸರು. ಒಬ್ಬಳೇ ಮಗಳು ಸುರಕ್ಷಾ, ಕಾಲೇಜಿಗೆ ಹೋಗುತ್ತಿದ್ದಳು. ಗ್ರೀನ್ ಕಾರ್ಡು ಬಂದು ವರ್ಷಗಳಾಗಿ, ಸಿಟಿಜನ್‌ಶಿಪ್ಪಿಗೆ ಅರ್ಜಿ ಹಾಕಿ ಕಾಯುತ್ತಿದ್ದರು. ಅದು ತೊಂಬತ್ತೊಂಬತ್ತನೇ ಇಸವಿ. ನಮ್ಮಂಥವರೆಲ್ಲ ಆಫೀಸಿನಲ್ಲೇ ಮಲಗಿ ಏಳುತ್ತಿದ್ದ ಕಾಲ. ಹೊಸ ಕಂಪನಿ, ಹೊಸ ಸ್ಟಾಕು, ಹೊಸ ಕಾರು, ಇಷ್ಟರ ಹೊರಗೆ ಲೋಕ ಇದೆ ಅನ್ನುವುದೇ ಮರೆತುಹೋಗಿತ್ತು. ಸಂಜೆ ತಡವಾಗಿ ಓಡಿಬಂದರೆ ಸುಗುಣಕ್ಕ ಬೈಯುತ್ತಿರಲಿಲ್ಲ. ಮಗುವಿನ ಜೊತೆಗೆ ನಮಗೂ ಒಂದು ತಟ್ಟೆ ಇಡುತ್ತಿದ್ದರು.

ಅವರಿಗೆ ಇನ್ನೊಂದು ಕೆಲಸವೂ ಇತ್ತು ಎನ್ನುವುದು ನನಗೆ ಗೊತ್ತಾಗಿದ್ದು ಆಮೇಲೆ. ಸುಗುಣಕ್ಕನ ತಂದೆ ದೋಣಿ ಎಂಜಿನ್ನಿನ ಮೆಕ್ಯಾನಿಕ್ಕು. ಮಗಳು ಚಿಕ್ಕವಳಿದ್ದಾಗಲೇ ಕೆಲಸಕ್ಕಾಗಿ ಸಂಸಾರ ಸಮೇತ ರಾಮೇಶ್ವರದ ಹತ್ತಿರದ ಮಂಡಪಂಗೆ ಹೋಗಿ ನೆಲೆಸಿದವರು. ಮನೆಯಲ್ಲಿ ತುಳು, ಬೀದಿಯಲ್ಲಿ ಮತ್ತು ಶಾಲೆಯಲ್ಲಿ ತಮಿಳು. ಕನ್ನಡ ಅವರು ಕಲಿತದ್ದೇ ಮದುವೆಯಾಗಿ ಉಡುಪಿಗೆ ಬಂದ ಮೇಲೆ. ಹೇವರ್ಡಿಗೆ ಬಂದ ಮೇಲೆ ಒಂದು ಏಜೆನ್ಸಿಯವರು ತಮಿಳು ದುಭಾಷಿ ಬೇಕೆಂದು ಹುಡುಕುತ್ತಿದ್ದಾಗ ಹೆಸರು ಕೊಟ್ಟಿದ್ದರು. ತಿಂಗಳಿಗೆ ಒಮ್ಮೆಯೋ ಎರಡು ಬಾರಿಯೋ ಕರೆ ಬರುತ್ತಿತ್ತು. ಹೆಚ್ಚಿನವು ಆಸ್ಪತ್ರೆಯ ಕೆಲಸ. ಮಗನ ಮನೆಗೆ ಬಂದ ಮಧುರೆಯ ಅಜ್ಜನ ಮಂಡಿನೋವು, ಯಾರದೋ ಬಾಣಂತನ. ಆ ದಿನಗಳಲ್ಲಿ ಮಕ್ಕಳನ್ನು ಸುರಕ್ಷಾಳೇ ನೋಡಿಕೊಳ್ಳುತ್ತಿದ್ದಳು.

ಆ ಬೇಸಿಗೆಯಲ್ಲಿ ಹಾಫ್ ಮೂನ್ ಬೇ ಕಡಲತೀರದ ಆಚೆ ಮಂಜಿನಲ್ಲಿ ಒಂದು ಹಳೇ ಮೀನುದೋಣಿ ಕೆಟ್ಟು ನಿಂತಿತು. ಆಗ ಸ್ಯಾನ್ ಡಿಯಾಗೋ ಕಡೆ ಮೆಕ್ಸಿಕೋದ ಗಡಿಬೇಲಿಯನ್ನು ಬಿಗಿ ಮಾಡಿದ್ದರು. ನೆಲದ ದಾರಿ ಮುಚ್ಚಿದಂತೆ ಜನ ಸಾಗಿಸುವ ದಲ್ಲಾಳಿಗಳು ಸಮುದ್ರದ ದಾರಿ ಹಿಡಿದಿದ್ದರು. ಸರ್ಕಾರದ ನೀತಿಯೂ ಅದಕ್ಕೆ ತಕ್ಕ ಹಾಗೇ ಇತ್ತು. ಸಾಧ್ಯವಾದರೆ ದೋಣಿಯನ್ನು ನಡುನೀರಿನಲ್ಲೇ ತಡೆದು ವಾಪಸು ಕಳಿಸಬೇಕು. ದಡಕ್ಕೆ ಬಂದುಬಿಟ್ಟರೆ ಬಂದವರನ್ನು ಬಂಧನದಲ್ಲಿಟ್ಟು ಕೇಳಬೇಕು, ನಿನ್ನ ದೇಶಕ್ಕೆ ಹಿಂದಿರುಗಲು ನಿನಗೆ ಭಯವೇ, ಯಾಕೆ ಭಯ ಅಂತ. ಉತ್ತರ ನಂಬುವ ಹಾಗಿದ್ದರೆ ಮುಂದೆ ನ್ಯಾಯಾಧೀಶರ ಎದುರಿಗೆ ವಿಚಾರಣೆ. ಇಲ್ಲದಿದ್ದರೆ ಬಂದ ದಾರಿ. ಈ ದೋಣಿಗೆ ನೀರು ನುಗ್ಗುತ್ತಿದ್ದುದರಿಂದ ಕೋಸ್ಟ್ ಗಾರ್ಡಿನವರು ವಾಪಸು ಅಟ್ಟುವ ಹಾಗಿರಲಿಲ್ಲ. ಎಲ್ಲರನ್ನೂ ಮೇಲೆತ್ತಿಕೊಂಡು ದಡಕ್ಕೆ ತಂದರು. ಬಹುಪಾಲು ಜನ ಬೇರೆ ದೇಶದವರು. ಕೆಲವರು ಮಾತ್ರ ಶ್ರೀಲಂಕಾದ ತಮಿಳರು, ಎಷ್ಟೋ ದೇಶ ಸುತ್ತಿ ಮೆಕ್ಸಿಕೋದಲ್ಲಿ ಆ ದೋಣಿ ಹತ್ತಿದ್ದವರು. ಅವರಲ್ಲಿ ಒಬ್ಬಳೇ ಹೆಂಗಸು, ಯೋಗಮಲರ್.

ಏಜೆನ್ಸಿಯಿಂದ ಸುಗುಣಕ್ಕನಿಗೆ ಫೋನು ಬಂತು.

ಸಂದರ್ಶನ ನಡೆದದ್ದು ಒಂದು ಜೈಲಿನಲ್ಲಿ. ಇಂಥವರನ್ನು ಇಡಲು ಸರ್ಕಾರ ಅಲ್ಲಿ ಜಾಗ ಬಾಡಿಗೆಗೆ ಹಿಡಿದಿತ್ತು. ಕಿಟಕಿ ಇಲ್ಲದ ಕೋಣೆ. ಕಿತ್ತಳೆ ಬಣ್ಣದ ಜೈಲುಬಟ್ಟೆ ತೊಟ್ಟು ಮೂವತ್ತರ ಆಸುಪಾಸಿನ ಹೆಂಗಸು ಕೂತಿದ್ದಳು. ಎದುರಿಗೆ ಅಧಿಕಾರಿ. ಮೆದುವಾಗಿ ಮಾತಾಡುವ, ದಣಿದ ಮುಖದ ಮನುಷ್ಯ. ಶುರುವಿಗೆ ಮುಂಚೆ ಸುಗುಣಕ್ಕ ಕೈಯೆತ್ತಿ ಪ್ರಮಾಣ ಮಾಡಿದರು: ಈ ಕೋಣೆಯಲ್ಲಿ ಆಡಿದ ಒಂದೊಂದು ಮಾತನ್ನೂ ಕೂಡಿಸದೆ, ಕಳೆಯದೆ, ಆಡಿದ ಹಾಗೇ ಹೇಳುತ್ತೇನೆ.

"ನೀವು ನಿಮ್ಮ ದೇಶವನ್ನು ಯಾಕೆ ಬಿಟ್ಟಿರಿ?" ಅಧಿಕಾರಿ ಕೇಳಿದರು. ಸುಗುಣಕ್ಕ ತಮಿಳಿನಲ್ಲಿ ಕೇಳಿದರು.

ಯೋಗಮಲರ್ ಅಧಿಕಾರಿಯ ಕಡೆ ನೋಡಲಿಲ್ಲ. ತನ್ನ ಭಾಷೆ ಆಡುವ, ತನ್ನ ಅಕ್ಕನ ವಯಸ್ಸಿನ ಹೆಂಗಸನ್ನು ಎಷ್ಟು ತಿಂಗಳ ನಂತರ ಕಂಡಿದ್ದಳೋ ಏನೋ. ಮೇಜಿನ ಮೇಲೆ ಬಾಗಿ, ದನಿ ತಗ್ಗಿಸಿ ಕೇಳಿದಳು: "ಅಕ್ಕಾ, ಏನು ಹೇಳಿದರೆ ಇವರು ನನ್ನನ್ನು ಇಲ್ಲಿ ಇರಲು ಬಿಡುತ್ತಾರೆ? ನೀವೇ ಹೇಳಿಕೊಡಿ."

ಈ ಜಾಗಕ್ಕೆ ಬಂದಾಗಲೆಲ್ಲ ಸುಗುಣಕ್ಕ ನನಗೆ ಕಥೆ ಹೇಳುವುದನ್ನು ನಿಲ್ಲಿಸಿಬಿಡುತ್ತಿದ್ದರು. ಸ್ವಲ್ಪ ಹೊತ್ತು ಕೈಯಲ್ಲಿದ್ದ ಕೆಲಸ ಮಾಡಿ ಮತ್ತೆ ಶುರುಮಾಡುತ್ತಿದ್ದರು. "ಕೇಳಿಸಲಿಲ್ಲ ಅಂತ ಸುಮ್ಮನೆ ಕೂತ್ಕೊಳ್ಬಹುದಿತ್ತು ನಾನು. ಆ ಮನುಷ್ಯನಿಗೆ ಎಂತ ಗೊತ್ತಾಗ್ತದೆ? ಆದ್ರೆ ಒಮ್ಮೆ ಒಂದು ಮಾತು ನುಂಗಿದ್ರೆ, ಮುಂದೆ ನಾನು ಹೇಳುವ ಯಾವ ಮಾತು ಅವಳದ್ದು, ಯಾವುದು ನನ್ನದು?"

ಅವರು ಅಧಿಕಾರಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು, ಅಕ್ಷರ ಬಿಡದೆ. ಅಕ್ಕಾ ಅನ್ನುವುದನ್ನೂ ಸೇರಿಸಿ.

ಅಧಿಕಾರಿ ಅದನ್ನು ಬರೆದುಕೊಂಡರು. ಅವರು ಬರೆಯುವುದನ್ನು ನೋಡಿ ಯೋಗಮಲರ್‌ಗೆ ಏನಾಯಿತೆಂದು ಅರ್ಥವಾಯಿತು. ಬೆನ್ನು ನೆಟ್ಟಗೆ ಮಾಡಿ ಕೂತಳು. "ಅಕ್ಕ ಅಂತ ಕರೆದೆ. ನೀವು ನನ್ನನ್ನು ಹಿಡಿದುಕೊಟ್ಟಿರಿ" ಅಂದಳು.

ಸುಗುಣಕ್ಕ ಅದನ್ನೂ ಇಂಗ್ಲಿಷಿನಲ್ಲಿ ಹೇಳಿದರು.

ಆಮೇಲೆ ಅಧಿಕಾರಿ ಪೆನ್ನು ಕೆಳಗಿಟ್ಟು, "ಏನು ಹೇಳಬೇಕೆಂದು ಯೋಚಿಸಬೇಡಿ. ಏನಾಯಿತೋ ಅದನ್ನು ಹೇಳಿ" ಅಂದರು. ಯೋಗಮಲರ್ ತುಂಬ ಹೊತ್ತು ಸುಗುಣಕ್ಕನ ಮುಖವನ್ನೇ ನೋಡಿದಳು. ನಂತರ ಹೇಳಲು ತೊಡಗಿದಳು. ಮಧ್ಯಾಹ್ನ ಕಳೆಯುವವರೆಗೂ ಹೇಳಿದಳು. ದುಭಾಷಿ ಎಂದರೆ "ಅವಳು" ಅನ್ನುವ ಹಾಗಿಲ್ಲ, "ನಾನು" ಅನ್ನಬೇಕು. ನನ್ನ ಗಂಡನನ್ನು ಕರೆದುಕೊಂಡು ಹೋದರು. ನನ್ನ ಪುಟ್ಟ ಮಗಳನ್ನು ನನ್ನ ಅಮ್ಮನ ಹತ್ತಿರ ಬಿಟ್ಟು ಬಂದೆ. ಆ ದಿನ ಸುಗುಣಕ್ಕನ ಬಾಯಲ್ಲಿ ಇದೆಲ್ಲ "ನಾನು, ನನ್ನ" ಎಂದೇ ಬಂತು. ಆ ರಾತ್ರಿ ಮನೆಗೆ ಬಂದ ಅಮ್ಮ ಊಟ ಮಾಡಲಿಲ್ಲ ಅಂತ ಸುರಕ್ಷಾ ಆಮೇಲೆ ಹೇಳಿದಳು.

ಅಧಿಕಾರಿ ಅವಳ ಭಯ ನಂಬತಕ್ಕದ್ದೆಂದು ಒಪ್ಪಿದರು. ಅದೇ ದೋಣಿಯಲ್ಲಿ ಬಂದ ಕೆಲವರಿಗೆ ಅಷ್ಟೂ ಆಗಲಿಲ್ಲ, ಅವರನ್ನು ವಾಪಸು ಕಳಿಸಿದರು. ಯೋಗಮಲರ್‌ಗೆ ವಿಚಾರಣೆ ಸಿಕ್ಕಿತು. ಆದರೆ ಅಲ್ಲಿಯವರೆಗೆ ಜೈಲು. ಹೊರಗೆ ಒಂದು ವಿಳಾಸ, ಜವಾಬ್ದಾರಿ ಹೊರುವ ಒಬ್ಬರು ಇದ್ದರೆ ಬಿಡುವ ಅವಕಾಶ ಇತ್ತು. ಅವಳಿಗೆ ಈ ಖಂಡದಲ್ಲೇ ಯಾರೂ ಇರಲಿಲ್ಲ.

ಸುಗುಣಕ್ಕನ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಮುಂದಿನ ಭಾನುವಾರ ಅವರು ಮತ್ತೆ ಆ ಜೈಲಿಗೆ ಹೋದರು, ಈ ಸಲ ಭೇಟಿಗೆ ಬಂದವರ ಸಾಲಿನಲ್ಲಿ. ಯೋಗಮಲರ್ ಗಾಜಿನ ಆಚೆ ಬಂದಳು, ಯಾರೆಂದು ನೋಡಿದಳು, ಒಂದೂ ಮಾತಾಡದೆ ಎದ್ದು ಹೋದಳು. ಅದರ ಮುಂದಿನ ಭಾನುವಾರವೂ ಹೋದರು. ಆ ಸಲವೂ ಅವಳು ಮಾತಾಡಲಿಲ್ಲ, ಆದರೆ ಎದ್ದು ಹೋಗಲಿಲ್ಲ. ಮೂರನೇ ಸಲ ಗಾಜಿನ ಪಕ್ಕದಲ್ಲಿದ್ದ ಫೋನು ಕೈಗೆತ್ತಿಕೊಂಡು ಕೇಳಿದ್ದು ಒಂದೇ: "ಯಾಕೆ ಬರುತ್ತೀರಿ?"

"ಇಲ್ಲಿ ನಿಂಗೆ ತಮಿಳು ಮಾತಾಡುವವರು ಯಾರಿದ್ದಾರೆ? ಬೈಯುವುದಾದ್ರೂ ತಮಿಳಿನಲ್ಲಿ ಬೈ" ಅಂದರು ಸುಗುಣಕ್ಕ. ಆಗ ಅವಳು ಅತ್ತಳಂತೆ.

ವಿಷಯ ಏಜೆನ್ಸಿಗೆ ತಿಳಿಯಿತು. ಬೇರೆಯವರು ಹೇಳಿದ್ದಲ್ಲ, ಸುಗುಣಕ್ಕನೇ ಫೋನ್ ಮಾಡಿ ಹೇಳಿದ್ದು. ದುಭಾಷಿಯಾದವರು ಒಂದು ಕಡೆಯವರ ಸ್ನೇಹಿತರಾಗುವ ಹಾಗಿಲ್ಲ, ಒಂದನ್ನು ಆರಿಸಿಕೊಳ್ಳಿ ಅಂದರು ಅವರು. ನ್ಯಾಯವಾದ ಮಾತೇ. ಸುಗುಣಕ್ಕ ದುಭಾಷಿ ಕೆಲಸ ಬಿಟ್ಟರು.

ಅವರಿಗೆ ಫ್ರೀವೇ ಮೇಲೆ ಕಾರು ಓಡಿಸಲು ಧೈರ್ಯವಿರಲಿಲ್ಲ. ಹಾಗಾಗಿ ಪ್ರತಿ ಭಾನುವಾರ ಕರೆದುಕೊಂಡು ಹೋಗುತ್ತಿದ್ದವರು ವೈಕುಂಠ. ಅವರು ಒಳಗೆ ಹೋಗುತ್ತಿರಲಿಲ್ಲ. ಪಾರ್ಕಿಂಗಿನಲ್ಲಿ ಕಾರಿನೊಳಗೇ ಕೂತು ರೇಡಿಯೋದಲ್ಲಿ ಬೇಸ್‌ಬಾಲ್ ಕಾಮೆಂಟರಿ ಕೇಳುತ್ತಿದ್ದರು. ಆ ಆಟ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ.

ಸುಗುಣಕ್ಕ ಒಂದು ದಿನ ಹೇಳಿದರು, "ನಮ್ಮ ಹಿಂದಿನ ರೂಮಿಗೆ ಅವಳನ್ನು ಕರ್ಕೊಂಡು ಬರುವ."

"ನಿಂಗೆ ಮರ್ಲಾ, ಹುಚ್ಚಾ?" ವೈಕುಂಠ ಕಾರಿನಲ್ಲೇ ದನಿ ಏರಿಸಿದರು. "ನಮ್ಮ ಸಿಟಿಜನ್‌ಶಿಪ್ಪಿನ ಪೇಪರು ಅದೇ ಇಲಾಖೆಯಲ್ಲಿ ಉಂಟು. ನಾಳೆ ಅವಳು ಎಲ್ಲಿಗಾದ್ರೂ ಓಡಿಹೋದ್ರೆ ನಮ್ಮನ್ನು ಹಿಡೀತಾರೆ. ಮನೆಯಲ್ಲಿ ಪರರ ಮಕ್ಕಳು ಇರ್ತಾರೆ. ಅವಳು ಯಾರು, ಎಂತ ಜನ, ನಿಂಗೆ ಗೊತ್ತುಂಟಾ?"

"ಗೊತ್ತುಂಟು. ಅವಳ ಬದುಕು ಪೂರ್ತಿ ಒಮ್ಮೆ ನನ್ನ ಬಾಯಿಂದ ಹೇಳಿದ್ದೇನೆ."

"ಅದೆಲ್ಲ ನಂಗೆ ಬೇಡ."

ಸುಗುಣಕ್ಕ ಜಗಳ ಮಾಡಲಿಲ್ಲ. ಮುಂದಿನ ಭಾನುವಾರ ಎಂದಿನಂತೆ ತಯಾರಾಗಿ ಬಾಗಿಲಲ್ಲಿ ನಿಂತರು. ವೈಕುಂಠರೂ ಎಂದಿನಂತೆ ಕೀಲಿ ತೆಗೆದುಕೊಂಡರು.

ಚಳಿಗಾಲದ ಒಂದು ಭಾನುವಾರ ಕಾರಿನ ಬ್ಯಾಟರಿ ಸತ್ತುಹೋಗಿ, ಫೋನ್ ಮಾಡಲೆಂದು ವೈಕುಂಠ ಜೈಲಿನ ಒಳಗೆ ಬಂದರು. ಗಾಜಿನ ಈಚೆ ಕೂತಿದ್ದ ಹೆಂಡತಿಯನ್ನು ಕಂಡು ಹತ್ತಿರ ಹೋದರು. ಆಚೆಯಿದ್ದ ಯೋಗಮಲರ್ ಇವರೇ ಅವರ ಗಂಡ ಎಂದು ಊಹಿಸಿ ಎದ್ದು ನಿಂತಳು. ಸುಗುಣಕ್ಕ ಫೋನನ್ನು ಗಂಡನ ಕೈಗೆ ಕೊಟ್ಟರು. ವೈಕುಂಠರಿಗೆ ತಮಿಳು ಅಷ್ಟಕ್ಕಷ್ಟೆ, ಆದರೆ ಅವಳು ನಿಧಾನವಾಗಿ ಹೇಳಿದ್ದು ಅರ್ಥವಾಯಿತು. "ಅಣ್ಣಾ, ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳುವ ದಿನ ನನಗೋಸ್ಕರ ರಸ್ತೆಯಲ್ಲಿ ಕಳೆಯುತ್ತಿದ್ದೀರಿ. ಕ್ಷಮಿಸಬೇಕು."

ವೈಕುಂಠ ಫೋನು ಹೆಂಡತಿಗೆ ವಾಪಸು ಕೊಟ್ಟರು. ಯಾರೋ ಬಂದು ಬ್ಯಾಟರಿ ಸರಿಮಾಡಿಕೊಟ್ಟ ಮೇಲೆ, ಹೇವರ್ಡಿನ ಎಕ್ಸಿಟ್ ಹತ್ತಿರ ಬಂದಾಗ ಅಂದರು, "ಆ ಹಿಂದಿನ ರೂಮಿನ ಹೀಟರು ಕೆಲಸ ಮಾಡುವುದಿಲ್ಲ. ರಿಪೇರಿ ಮಾಡಿಸ್ಬೇಕು."

ಯೋಗಮಲರ್ ಪರ ವಾದಿಸಲು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಉಚಿತ ಕಾನೂನು ನೆರವಿನ ಸಂಸ್ಥೆಯಿಂದ ಮಿಸ್ ಡೆಲ್ಗಾಡೊ ಎಂಬ ವಕೀಲೆ ಬಂದಿದ್ದಳು. ಜೈಲಿನಿಂದ ಬಿಡಿಸುವ ಅರ್ಜಿಯ ಕೆಲಸ ಅವಳು ನೋಡಿಕೊಂಡಳು. ಡೇಕೇರಿನ ಲೈಸೆನ್ಸ್ ಕೊಡುವ ಆಫೀಸಿಗೆ ಸುಗುಣಕ್ಕ ತಾವೇ ಹೋಗಿ, ಮನೆಗೆ ಇಂಥವರು ಬರುತ್ತಾರೆ, ಅವರ ಬೆರಳಚ್ಚು ಪರೀಕ್ಷೆ ಎಲ್ಲ ಮಾಡಿಸುತ್ತೇನೆ, ಅದು ಮುಗಿದ ಮೇಲೆಯೇ ಕರೆತರುತ್ತೇನೆ ಎಂದು ಹೇಳಿಬಂದರು. ಆಮೇಲೆ ಪ್ರತಿ ಮಗುವಿನ ತಾಯ್ತಂದೆಯನ್ನೂ ಸಂಜೆ ಕೂರಿಸಿ ವಿಷಯ ತಿಳಿಸಿದರು.

ನನ್ನ ಸ್ನೇಹಿತೆ ನಿರುಪಮಾ ಅಲ್ಲೇ ಸಿಟ್ಟಾದಳು. "ಸುಗುಣಕ್ಕ, ನಿಮ್ಮ ಒಳ್ಳೆ ಮನಸ್ಸು ನಂಗೆ ಅರ್ಥವಾಗತ್ತೆ. ಆದ್ರೆ ನಾವೆಲ್ಲ ವೀಸಾ ತಗೊಂಡು, ಲೈನಲ್ಲಿ ನಿಂತು ಲೀಗಲ್ಲಾಗಿ ಬಂದಿದೀವಿ. ಇವರು ದೋಣಿ ಹತ್ತಿ ಬಂದ್ರೆ ನಾವು ಮನೆಗೆ ಕರೀಬೇಕಾ? ಸರ್ಕಾರ ಗಡಿ ಕಾಯ್ಬಾರ್ದಾ?"

"ಕಾಯ್ಬೇಕು, ಯಾರು ಬೇಡ ಹೇಳಿದ್ದು?" ಅಂದರು ಸುಗುಣಕ್ಕ. "ಮನೆಗೆ ಬಾಗಿಲು ಬೇಕಲ್ಲ. ಆದ್ರೆ ಬಾಗಿಲು ತಟ್ಟಿದವರು ಯಾರು ಅಂತ ಕೇಳ್ಬೇಕಲ್ಲ ಮಾರಾಯ್ತಿ. ಕೇಳುವವರೆಗೆ ಅವಳು ನಮ್ಮಲ್ಲಿ ಇರ್ಲಿ, ಅಷ್ಟೇ ನಾನು ಹೇಳುವುದು. ನಿಂಗೆ ಹೆದರಿಕೆ ಆದ್ರೆ ಮಗುವನ್ನು ಬೇರೆ ಕಡೆ ಬಿಡು. ನಂಗೆ ಬೇಜಾರಿಲ್ಲ."

ನಿರುಪಮಾ ಮಗುವನ್ನು ಕರೆದುಕೊಂಡು ಹೋದಳು. ಇನ್ನೂ ಎರಡು ಮನೆಯವರು ಹೋದರು. ನಾವು ಹೋಗಲಿಲ್ಲ. ಅದರಲ್ಲಿ ನಮ್ಮ ದೊಡ್ಡತನವೇನೂ ಇಲ್ಲ, ಇಂಚರಾ ಬೇರೆ ಯಾರ ಕೈಯಿಂದಲೂ ಊಟ ಮಾಡುತ್ತಿರಲಿಲ್ಲ.

ಯೋಗಮಲರ್ ಬಂದಳು. ಮೊದಮೊದಲು ರೂಮಿನಿಂದ ಆಚೆ ಬರಲು ಯಾರಾದರೂ ಹೇಳಬೇಕಿತ್ತು. ಬಾಗಿಲು ತೆರೆದೇ ಇದ್ದರೂ ಅಪ್ಪಣೆಗೆ ಕಾಯುತ್ತಿದ್ದಳು. ಮಕ್ಕಳು ಅವಳನ್ನು ಬಿಡಲಿಲ್ಲ. ಮಧ್ಯಾಹ್ನ ಮಲಗುವ ಹೊತ್ತಿಗೆ ಇಂಚರಾ ತನ್ನ ದಿಂಬು ಎಳೆದುಕೊಂಡು ಹೋಗಿ ಅವಳ ಪಕ್ಕ ಮಲಗುತ್ತಿದ್ದಳು. ಆ ಹೊತ್ತಿನಲ್ಲಿ ಯೋಗಮಲರ್ ಮಗುವಿನ ಕೂದಲನ್ನು ಬೆರಳಲ್ಲಿ ಬಿಡಿಸುತ್ತಾ ತನ್ನ ಮಗಳ ಹೆಸರು ಹೇಳಿಕೊಳ್ಳುತ್ತಿದ್ದುದನ್ನು ಸುಗುಣಕ್ಕ ನೋಡಿದ್ದರು. ನೋಡಿಯೂ ನೋಡದವರಂತೆ ಅಡುಗೆಮನೆಗೆ ಹೋಗುತ್ತಿದ್ದರು.

ಎರಡು ಸಾವಿರದ ಇಸವಿಯ ಶರತ್ಕಾಲದಲ್ಲಿ ವಿಚಾರಣೆ ಬಂತು. ಅದಕ್ಕೂ ಮುಂಚೆ ಮಿಸ್ ಡೆಲ್ಗಾಡೊ ಒಮ್ಮೆ ಮನೆಗೆ ಬಂದು ಹೇಳಿದಳು: ಸರ್ಕಾರದ ವಕೀಲರು ಖಂಡಿತ ಆ ಮಾತನ್ನು ಎತ್ತುತ್ತಾರೆ. ಏನು ಹೇಳಿದರೆ ಬಿಡುತ್ತಾರೆ ಎಂದು ಕೇಳಿದವಳ ಕಥೆಯನ್ನು ಹೇಗೆ ನಂಬುವುದು ಅಂತ. ದಾಖಲೆಯಲ್ಲಿ ಅದೊಂದೇ ಅವರ ಕೈಗೆ ಸಿಕ್ಕಿರುವ ಆಯುಧ.

ಆ ಆಯುಧ ಕೊಟ್ಟದ್ದು ಯಾರೆಂದು ಅವಳು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಸುಗುಣಕ್ಕ ಆ ವಾರವೆಲ್ಲ ಕಂಗೆಟ್ಟಿದ್ದರು. ಮಂಡಪಂನಲ್ಲಿ ಅಪ್ಪನ ಮನೆಗೆ ಹೋಗಿದ್ದಾಗ, ಎಂಬತ್ತರ ದಶಕದಲ್ಲಿ, ರಾತ್ರೋರಾತ್ರಿ ಶ್ರೀಲಂಕಾದಿಂದ ಸಮುದ್ರ ದಾಟಿ ಬಂದವರನ್ನು ಲಾರಿಗಳಲ್ಲಿ ಶಿಬಿರಕ್ಕೆ ತರುತ್ತಿದ್ದುದನ್ನು ಅವರು ಕಂಡಿದ್ದರು. ಅವರಪ್ಪ ಆಗ ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಕಟ್ಟಿಕೊಂಡು ಹೋಗಿ ಹಂಚಿದ್ದರಂತೆ. "ನಮ್ಮಪ್ಪ ಬಟ್ಟೆ ಕೊಟ್ಟ, ನಾನು ಇವಳಿಗೆ ಕೊಟ್ಟದ್ದು ಇದು" ಅಂದರು ನನ್ನ ಹತ್ತಿರ.

ವಿಚಾರಣೆಯ ದಿನ ನಾನೂ ರಜೆ ಹಾಕಿ ಅವರ ಜೊತೆ ಹೋದೆ. ಕೋರ್ಟಿನ ದುಭಾಷಿ ಬೇರೆಯವರು, ಕನ್ನಡಕದ ಒಬ್ಬ ಹಿರಿಯರು. ಸುಗುಣಕ್ಕ ಆಶ್ರಯ ಕೊಟ್ಟವರಾಗಿ ಹಿಂದಿನ ಬೆಂಚಿನಲ್ಲಿ ಕೂತರು. ಮಿಸ್ ಡೆಲ್ಗಾಡೊ ಹೇಳಿದಂತೆಯೇ ಆಯಿತು. ಸರ್ಕಾರದ ವಕೀಲರು ಆ ಸಾಲನ್ನು ಓದಿದರು. ನ್ಯಾಯಾಧೀಶೆ ಯೋಗಮಲರ್ ಕಡೆ ತಿರುಗಿ ಕೇಳಿದರು, "ಹೀಗೆ ಕೇಳಿದ್ದಿರಾ?"

"ಕೇಳಿದ್ದೆ" ಅಂದಳು ಯೋಗಮಲರ್. ಒಂದು ಕ್ಷಣವೂ ತಡೆಯಲಿಲ್ಲ.

"ಯಾಕೆ?"

ಅವಳು ಮಾತಾಡುತ್ತಾ ಹೋದಳು, ಆ ಹಿರಿಯರು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು.

"ನಮ್ಮೂರಿಗೆ ಮೊದಲು ಸೈನ್ಯದವರು ಬಂದರು. ಬಂಡುಕೋರ ಹುಡುಗರಿಗೆ ಅನ್ನ ಹಾಕಿದ್ದೀರಾ ಅಂತ ಕೇಳಿದರು. ಇಲ್ಲ ಅಂದೆವು. ಅದು ಸುಳ್ಳು. ಬಂದೂಕು ಹಿಡಿದು ಬಂದವರಿಗೆ ಯಾರು ಅನ್ನ ಇಲ್ಲ ಅನ್ನುತ್ತಾರೆ? ಆದರೆ ಆ ಸುಳ್ಳಿನಿಂದ ಬದುಕಿದೆವು. ಆಮೇಲೆ ಹುಡುಗರು ಬಂದರು. ಸೈನ್ಯದವರಿಗೆ ನೀರು ಕೊಟ್ಟಿರಾ ಅಂತ ಕೇಳಿದರು. ನನ್ನ ಗಂಡ ಕೊಟ್ಟೆ ಅಂದರು. ಅದು ನಿಜ. ಅವರನ್ನು ಕರೆದುಕೊಂಡು ಹೋದರು. ಅವರು ತಿರುಗಿ ಬರಲಿಲ್ಲ. ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಯಾವ ಉತ್ತರ ಇದೆ ಎಂದು ತಿಳಿಯದೆ ಬಾಯಿ ತೆರೆಯಬಾರದು ಅಂತ ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಅದಕ್ಕೇ ಕೇಳಿದೆ."

ಸ್ವಲ್ಪ ತಡೆದು, ಹಿಂದಿನ ಬೆಂಚಿನ ಕಡೆ ಕೈ ತೋರಿಸಿದಳು. "ನಾನು ಗುಟ್ಟಾಗಿ ಕೇಳಿದ್ದನ್ನು ಆ ಅಕ್ಕ ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟರು. ನನಗೆ ಸಿಟ್ಟು ಬಂತು, ಬೈದೆ. ಬೈದದ್ದನ್ನೂ ಹೇಳಿದರು. ಆಗ ಯೋಚಿಸಿದೆ. ತನ್ನನ್ನು ಬೈದ ಮಾತನ್ನೂ ಮುಚ್ಚಿಡದವರು ನನ್ನ ಮಾತನ್ನು ಕೆಡಿಸುವುದಿಲ್ಲ. ಇಲ್ಲಿ ಹೇಳಿದ್ದು ಹೇಳಿದ ಹಾಗೇ ತಲುಪುತ್ತದೆ. ಅದಕ್ಕೇ ಉಳಿದದ್ದೆಲ್ಲ ಹೇಳಿದೆ. ಅದಕ್ಕೆ ಮುಂಚೆ ಯಾರಿಗೂ ಹೇಳಿರಲಿಲ್ಲ."

ದುಭಾಷಿ ಹಿರಿಯರು ಅದನ್ನು ಇಂಗ್ಲಿಷಿಗೆ ತರುವಾಗ ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡರು. ಸುಗುಣಕ್ಕ ತಲೆ ಬಗ್ಗಿಸಿ ಕೂತಿದ್ದರು.

ನ್ಯಾಯಾಧೀಶೆ ಅಲ್ಲೇ, ಆ ಮಧ್ಯಾಹ್ನವೇ, ಆಶ್ರಯ ಕೊಟ್ಟಿದ್ದೇನೆ ಎಂದು ಹೇಳಿದರು. ಸರ್ಕಾರದ ವಕೀಲರು ಮೇಲ್ಮನವಿ ಹಾಕುವುದಿಲ್ಲ ಅಂದರು. ಹೊರಗೆ ಬಂದ ಮೇಲೆ ಅದೇ ವಕೀಲರು ಲಿಫ್ಟಿನ ಹತ್ತಿರ ಯೋಗಮಲರ್‌ಗೆ ಶುಭವಾಗಲಿ ಅಂದು ಹೋದರು. ಅವರೂ ತಮ್ಮ ಕೆಲಸ ಮಾಡಿದ್ದರು.

ಮುಂದಿನ ವರ್ಷ ಡಾಟ್ ಕಾಮ್ ಕಂಪನಿಗಳು ಒಂದೊಂದಾಗಿ ಮುಚ್ಚಿದವು. ನನ್ನ ಕೆಲಸ ಹೋಯಿತು, ತರುಣ್‌ದು ಹೇಗೋ ಉಳಿಯಿತು. ಸುಗುಣಕ್ಕನ ಡೇಕೇರಿನಲ್ಲೂ ಮಕ್ಕಳು ಕಡಿಮೆಯಾದರು. ನಿರುಪಮಾಳ ಮನೆಯಲ್ಲೂ ಕೆಲಸ ಹೋಗಿ, ಇಂಟರ್‌ವ್ಯೂಗಳಿಗೆ ಓಡಾಡುವ ದಿನಗಳಲ್ಲಿ ಮಗುವನ್ನು ಸ್ವಲ್ಪ ಹೊತ್ತು ನೋಡಿಕೊಳ್ಳುತ್ತೀರಾ ಎಂದು ಅವಳೇ ಫೋನ್ ಮಾಡಿದಳು. ಸುಗುಣಕ್ಕ "ಎಂತ ಕೇಳುವುದು ಮಾರಾಯ್ತಿ, ಕರ್ಕೊಂಡು ಬಾ" ಅಂದರು. ಹಳೇ ಮಾತನ್ನು ಎತ್ತಲೇ ಇಲ್ಲ. ವೈಕುಂಠರ ಸಿಟಿಜನ್‌ಶಿಪ್ಪೂ ಬಂತು, ಸುಗುಣಕ್ಕನದೂ ಬಂತು. ಯೋಗಮಲರ್ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಯೋಗಮಲರ್ ಹೇವರ್ಡಿನಲ್ಲೇ ಒಂದು ಬೇಕರಿ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿ, ಎರಡು ಬೀದಿ ಆಚೆ ಒಂದು ಚಿಕ್ಕ ಅಪಾರ್ಟ್‌ಮೆಂಟು ಹಿಡಿದಳು. ಅವಳ ಮಗಳನ್ನು ಕರೆಸಿಕೊಳ್ಳುವ ಅನುಮತಿ ಬಂದದ್ದು ಎರಡು ಸಾವಿರದ ಒಂದರ ಬೇಸಿಗೆಯಲ್ಲಿ. ಏರ್‌ಪೋರ್ಟಿಗೆ ವೈಕುಂಠರೇ ಕಾರು ಓಡಿಸಿದರು. ಏರ್‌ಲೈನಿನ ಹೆಂಗಸೊಬ್ಬಳ ಕೈ ಹಿಡಿದು ಹೊರಬಂದ ಹುಡುಗಿ ಪ್ಯಾಂಟು ತೊಟ್ಟು ನಿಂತಿದ್ದ ತಾಯಿಯನ್ನು ಗುರುತಿಸಲಿಲ್ಲ. ಸುಗುಣಕ್ಕನ ಸೀರೆ ಕಂಡು ಅವರ ಕಡೆಗೇ ನಡೆದು ಬಂದಳು. ಸುಗುಣಕ್ಕ ಮಂಡಿಯೂರಿ ಕೂತು, ಅವಳ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದರು.

"ನಾನಲ್ಲ ಕಂದಾ, ಅಗೋ ಅವರು" ಎಂದು ತಮಿಳಿನಲ್ಲಿ ಹೇಳಿ, ವೈಕುಂಠರ ತೋಳು ಹಿಡಿದು ದೂರ ಸರಿದು ನಿಂತರು.